ಕಪ್ಪು ನಾಲ್ಕು, ಬಿಳಿ ಆರು

ಸೊರಬ
8-11-1998

ಚಿ. ಚನ್ನೇಶನಿಗೆ ಅಕ್ಕನ ಆಶೀರ್ವಾದಗಳು.

ಕವರಿನ ಮೇಲಿನ ಅಕ್ಷರ ನೋಡಿಯೇ ನಿನ್ನ ಹುಬ್ಬು ಏರಿರುತ್ತದೆ. ಇಳಿಸು. ನಿನ್ನ ಜೊತೆ ಮಾತಾಡುವುದಿಲ್ಲ ಎಂದು ಅಪ್ಪನ ಹಾರ್ಮೋನಿಯಂ ಮುಟ್ಟಿ ಆಣೆ ಮಾಡಿದ್ದೇನೆಯೇ ಹೊರತು, ಬರೆಯುವುದಿಲ್ಲ ಎಂದು ಮಾಡಿಲ್ಲ. ಈ ದಾರಿ ಹುಡುಕಿಕೊಟ್ಟವರು ನಿನ್ನ ಭಾವ. ಬಟ್ಟೆ ಅಂಗಡಿಯವರಲ್ಲವೇ, ಎಲ್ಲಿ ಸ್ವಲ್ಪ ಸಂದು ಕಂಡರೂ ಕತ್ತರಿ ತೂರಿಸುತ್ತಾರೆ.

ನಮ್ಮ ಗಂಗಾಶ್ರೀಗೆ ಮದುವೆ ಗಟ್ಟಿಯಾಯಿತು. ಹುಡುಗ ಮಲ್ಲಿಕಾರ್ಜುನ್, ಬಳ್ಳಿಗಾವಿಯವನು, ನಿಮ್ಮ ಊರಲ್ಲೇ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಶಿವರಾತ್ರಿ ಕಳೆದ ಮೇಲೆ, ಫೆಬ್ರವರಿ 21ರ ಭಾನುವಾರ ಸಂಜೆ ಆರತಕ್ಷತೆ, ಸೋಮವಾರ ಬೆಳಿಗ್ಗೆ ಮುಹೂರ್ತ. ಎಲ್ಲವೂ ಶಿಕಾರಿಪುರದ ಕಲ್ಯಾಣ ಮಂಟಪದಲ್ಲೇ. ಮದುಮಗಳ ಕೈ ಹಿಡಿದು ಕರೆತರಬೇಕಾದವನು ಸೋದರಮಾವ. ನನಗಿರುವವನು ನೀನೊಬ್ಬನೇ ತಮ್ಮ. ಅಕ್ಕ ತಮ್ಮ ಮಾತಾಡದೆ ಆ ಕಡೆ ಈ ಕಡೆ ನಿಂತಿದ್ದರೆ ಬೀಗರು ಏನು ತಿಳಿದುಕೊಂಡಾರು?

ಆದರೆ ಆಣೆ ಆಣೆಯೇ. ಹೋದ ವರ್ಷ ನಿನ್ನ ಗೃಹಪ್ರವೇಶದ ದಿನ ನಾನು ಹಾಡುತ್ತಿದ್ದೆ. ಕೊನೆಯ ಷಡ್ಜ ಹಿಡಿದು ಕಣ್ಣು ಮುಚ್ಚಿದ್ದೆ. ಅಷ್ಟರಲ್ಲಿ ನಿನ್ನ ಆ ಸೌಂಡ್ ಬಾಕ್ಸುಗಳಿಂದ ಟೆಕ್ನೋ ಎಂಬುದನ್ನು ಬಿಟ್ಟೆಯಲ್ಲ, ಅದು ನನ್ನ ಶ್ರುತಿಗೆ ಅರ್ಧ ಸ್ವರ ತಪ್ಪಿ ಬಂದು ಒರಗಿತು. ನನಗೆ ಹಲ್ಲು ಜುಮ್ಮೆಂದಿತು, ಬಂದವರಿಗೆ ನಗು ಬಂತು. ಎಲೆ ಹಾಕಿದ್ದರೂ ಊಟಕ್ಕೆ ಕೂರದೆ ಬಸ್ಸು ಹತ್ತಿದವಳು ನಾನು.

ಈಗ ಈ ಹುಡುಗಿಯ ಹಟ ಕೇಳು. "ಆರತಕ್ಷತೇಲಿ ಮೊದ್ಲು ಅಮ್ಮ ಹಾಡ್ಬೇಕು. ಅಮ್ಮನ ಹಾಡು ನಿಲ್ಲೋ ಮುಂಚೇನೇ ಮಾವನ ಟೆಕ್ನೋ ಬರ್ಬೇಕು. ನಾನು ಕುಣೀಬೇಕು" ಅನ್ನುತ್ತಾಳೆ. ಹಾಗಾಗಿ ನನ್ನದೂ ಒಂದು ಷರತ್ತು. ನನ್ನ ಹಾಡಿನಿಂದ ನಿನ್ನ ಟೆಕ್ನೋಗೆ ಶ್ರುತಿ ಕೆಡದಂತೆ ದಾಟಿಸು. ದಾಟಿಸಿದರೆ ಅಲ್ಲೇ, ಎಲ್ಲರೆದುರು ಮಾತಾಡುತ್ತೇನೆ. ಇಲ್ಲದಿದ್ದರೆ ಮಾರನೆಯ ಬೆಳಿಗ್ಗೆ ಮೂಗರಂತೆ ಮದುವೆ ಮಾಡೋಣ.

ಇತಿ,
ಮಾತು ಬಿಟ್ಟ ಅಕ್ಕ
ರಾಜೇಶ್ವರಮ್ಮ


ಶಿಕಾರಿಪುರ
15-11-1998

ಸೊರಬದ ಸಂಗೀತ ಶಿಕ್ಷಕಿಯವರಾದ ಶ್ರೀಮತಿ ರಾಜೇಶ್ವರಮ್ಮನವರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ಗಂಗಿಯ ಮದುವೆಯ ಸುದ್ದಿ ಓದಿ ನನ್ನ ಮೈಕ್‌ಸೆಟ್ ಅಂಗಡಿಯಲ್ಲಿದ್ದವರಿಗೆಲ್ಲ ಪೇಡೆ ಹಂಚಿದೆ. ಷರತ್ತು ಓದಿದ ಮೇಲೆ ಉಳಿದ ಪೇಡೆಯನ್ನು ನಾನೇ ತಿಂದೆ.

ಗೃಹಪ್ರವೇಶದ ದಿನ ನಾನು ಬೇಕೆಂದು ಮಾಡಿದ್ದಲ್ಲ ಎಂದು ನಿಮಗೂ ಗೊತ್ತು. ಗೋವಾದ ಹೋಟೆಲಿನಲ್ಲಿದ್ದ ಗೆಳೆಯ ಎರಡು ಸಿ.ಡಿ. ಒಟ್ಟಿಗೆ ಹಾಕುವ ಸೆಟ್ಟು ತಂದುಕೊಟ್ಟು ಆಗಿನ್ನೂ ವಾರವಾಗಿತ್ತು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರೊಳಗೆ ಸೇರಿಸುವುದೇ ಡಿಜೆ ಕೆಲಸ, ತಾಳಕ್ಕೆ ತಾಳ ಕೂಡಿದರೆ ಸಾಕು ಅಂದಿದ್ದ. ನಾನು ತಾಳ ಕೂಡಿಸಿದ್ದೆ. ಸಣ್ಣಬೀರಪ್ಪನವರ ತಬಲದ ಒಂದು ಪೆಟ್ಟಿಗೆ ನನ್ನ ಎರಡು ಪೆಟ್ಟು, ಸರಿಯಾಗಿ ದುಗುಣ. ಬೇಕಾದರೆ ಅವರನ್ನೇ ಕೇಳಿ. ಶ್ರುತಿ ಎಂಬುದೊಂದಿದೆ ಎಂದು ಗೆಳೆಯ ಹೇಳಲಿಲ್ಲ. ನೀವಾದರೂ ಆಣೆ ಹಾಕುವ ಮೊದಲು ಹೇಳಬಹುದಿತ್ತು.

ಷರತ್ತಿಗೆ ಒಪ್ಪಿದೆ. ಆದರೆ ಒಂದು ತೊಡಕು. ನೀವು ಹಾಡುವುದು ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆಯಲ್ಲಿ, ನಿಮ್ಮ ಆ ಕಪ್ಪು ನಾಲ್ಕರಲ್ಲಿ. ಈ ಟೆಕ್ನೋವನ್ನು ಅಂಗಡಿಯ ಹಳೇ ಹಾರ್ಮೋನಿಯಂ ಇಟ್ಟುಕೊಂಡು ನೋಡಿದೆ. ಅದು ಹೊಡೆದುಕೊಳ್ಳುವುದು ಬಿಳಿ ಮೂರರಲ್ಲಿ. ಸೆಟ್ಟಿನಲ್ಲಿ ಸ್ಪೀಡ್ ಗುಂಡಿ ಇದೆ. ಮೇಲಕ್ಕೆ ಜಾರಿಸಿದರೆ ಹಾಡು ಓಡುತ್ತದೆ, ಶ್ರುತಿಯೂ ಏರುತ್ತದೆ. ಕೆಳಕ್ಕೆ ಜಾರಿಸಿದರೆ ಎರಡೂ ಇಳಿಯುತ್ತವೆ. ಗುಂಡಿ ಪೂರ್ತಿ ಜಾರಿಸಿದರೂ ಸುಮಾರು ಒಂದು ಮನೆಯಷ್ಟು ಮಾತ್ರ ಸರಿಯುತ್ತದೆ. ಬಿಳಿ ಮೂರರಿಂದ ಕಪ್ಪು ನಾಲ್ಕಕ್ಕೆ ಹೋಗಬೇಕಾದರೆ ನಾಲ್ಕು ಮನೆ ದಾಟಬೇಕು. ಇದು ಆಗುವ ಕೆಲಸವೇ?

ಇತಿ ತಮ್ಮ ವಿಧೇಯ,
ಚನ್ನೇಶ್
(ಒಬ್ಬನೇ ತಮ್ಮ)


ಸೊರಬ
24-11-1998

ಚನ್ನೇಶ,

"ನೀವು", "ತಾವು" ಎಂದು ಬರೆದಿದ್ದೀಯ. ನಿನ್ನ ಭಾವ ಅದನ್ನು ಗಟ್ಟಿಯಾಗಿ ಓದಿ ಓದಿ ನಕ್ಕರು. ಚಡ್ಡಿ ಜಾರಿದಾಗ ಮೇಲೆತ್ತಿ ಕಟ್ಟಿದವಳು ನಾನು. ನನಗೆ ತಾವಂತೆ!

ಈಗ ಪಾಠ. ಎರಡು ಹಾಡಿಗೂ ಷಡ್ಜ ಒಂದೇ ಆಗಬೇಕೆಂದು ಯಾರು ಹೇಳಿದರು? ಷಡ್ಜಕ್ಕೆ ನೆಂಟರಿದ್ದಾರೆ. ಎಲ್ಲರಿಗಿಂತ ಹತ್ತಿರದ ನೆಂಟ ಪಂಚಮ. ತಂಬೂರಿಯಲ್ಲಿ ಸ ಜೊತೆ ಪ ಮೀಟುವುದು ಯಾಕೆ? ಕೂಡಿ ಬಾಳುತ್ತವೆ ಎಂದು. ನಿನ್ನ ಹಾಡು ನನ್ನ ಷಡ್ಜದ ಮೇಲೆ ಬರಲಾರದಿದ್ದರೆ ನನ್ನ ಪಂಚಮದ ಮೇಲೆ ಬಂದು ಕೂರಲಿ. ಕೇಳುವವರ ಕಿವಿ ಬಾಗಿಲು ತೆಗೆಯುತ್ತದೆ. ಕೂಡಿಬಾರದವರು ಯಾರು ಗೊತ್ತೇ? ಪಕ್ಕದ ಮನೆಯವರು. ಹಾರ್ಮೋನಿಯಂನಲ್ಲಿ ಒತ್ತಿಕೊಂಡಿರುವ ಎರಡು ಮನೆ ಒಟ್ಟಿಗೆ ಹಿಡಿದು ನೋಡು. ಬೇಲಿ ಜಗಳ ಕೇಳಿದಂತೆ ಇರುತ್ತದೆ.

ನನ್ನ ಷಡ್ಜ ಕಪ್ಪು ನಾಲ್ಕು, ಪಂಚಮ ಕಪ್ಪು ಎರಡು. ನಿನ್ನ ಟೆಕ್ನೋ ಬಿಳಿ ಮೂರು, ಅಂದರೆ ನನ್ನ ಪಂಚಮದ ಪಕ್ಕದ ಮನೆ. ಅವತ್ತು ನನ್ನ ಹಲ್ಲು ಜುಮ್ಮೆಂದದ್ದು ಅದಕ್ಕೇ. ನಿನ್ನ ಗುಂಡಿ ಒಂದು ಮನೆ ಇಳಿಸುತ್ತದೆ ಎಂದಿಯಲ್ಲ, ಇಳಿಸು. ಬಿಳಿ ಮೂರು ಕಪ್ಪು ಎರಡಕ್ಕೆ ಬಂದು ನಿಲ್ಲುತ್ತದೆ. ತಾಳವೂ ನಿಧಾನವಾಗುತ್ತದಲ್ಲ, ಸಣ್ಣಬೀರಪ್ಪ ತಬಲವನ್ನು ಅದಕ್ಕೆ ತಕ್ಕಂತೆ ಹಿಡಿಯುತ್ತಾನೆ.

ಕ್ಯಾಸೆಟ್ಟಿಗೆ ತುಂಬಿಸಿ ಕಂಡಕ್ಟರ್ ಕರಿಯಣ್ಣನ ಬಸ್ಸಿಗೆ ಕೊಡು. ಕೇಳಿ ಹೇಳುತ್ತೇನೆ. ಇಷ್ಟು ಬರೆದದ್ದರಿಂದ ರಾಜಿಯಾದೆ ಎಂದುಕೊಳ್ಳಬೇಡ. ಪಾಠ ಬೇರೆ, ಆಣೆ ಬೇರೆ.

ಅಕ್ಕ


ಶಿಕಾರಿಪುರ
6-12-1998

ಅಕ್ಕ,

ಬಂತು! ಕಪ್ಪು ಎರಡಕ್ಕೆ ಬಂದು ಸರಿಯಾಗಿ ಕೂತಿತು. ನಿನ್ನ ಹಳೇ ಕ್ಯಾಸೆಟ್ಟಿನ ಹಾಡು ಒಂದು ಕಡೆ ಹಾಕಿ, ಇದನ್ನು ಇನ್ನೊಂದು ಕಡೆಯಿಂದ ಮೆಲ್ಲಗೆ ಏರಿಸಿದೆ. ಮೊದಲು ಸೊಳ್ಳೆ ಹಾಡಿದಷ್ಟು, ಆಮೇಲೆ ದೊಡ್ಡದು. ಎಲ್ಲಿ ನಿನ್ನದು ಮುಗಿಯಿತು, ಎಲ್ಲಿ ಇದು ಶುರುವಾಯಿತು ಎಂದು ಹೆಡ್‌ಫೋನ್ ಹಾಕಿದ್ದ ನನಗೇ ತಿಳಿಯಲಿಲ್ಲ. ನನ್ನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು, "ರೀ, ಇದ್ಯಾವ್ದು, ಅಕ್ಕೋರು ಹೊಸಾದು ಹಾಡಿದಾರೇನ್ರಿ?" ಅಂದಳು. ನನಗೆ ಕಣ್ಣು ತುಂಬಿತು, ಸುಳ್ಳಲ್ಲ.

ಇಳಿಸಿದ ಟೆಕ್ನೋ ಒಂದನ್ನೇ ತುಂಬಿಸಿ ಕ್ಯಾಸೆಟ್ಟನ್ನು ಕರಿಯಣ್ಣನ ಕೈಲಿ ಕಳಿಸಿದ್ದೇನೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಾದರೂ ಕ್ಯಾಸೆಟ್ ಬದಲಾಗದಂತೆ ನೋಡಿಕೊಳ್ಳುತ್ತೇನೆ ಎಂದಿದ್ದಾನೆ.

ನಿನ್ನ ಶಿಷ್ಯ
ಚನ್ನೇಶ


ಸೊರಬ
10-12-1998

ಚನ್ನೇಶ,

ಕ್ಯಾಸೆಟ್ ಕೇಳಿದೆ. ಬೆಳಿಗ್ಗೆ ಕೇಳಿದೆ, ಸಂಜೆ ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ಮತ್ತೆ ಕೇಳಿದೆ. ಅದು ಕಪ್ಪು ಎರಡೂ ಅಲ್ಲ, ನಿನ್ನ ತಲೆಯೂ ಅಲ್ಲ. ಬಿಳಿ ಎರಡಕ್ಕೆ ಇಳಿದಿದೆ. ಒಂದು ಪಕ್ಕದ ಮನೆ ಬಿಟ್ಟು ಇನ್ನೊಂದು ಪಕ್ಕದ ಮನೆಗೆ ಹೋಗಿ ಕೂತಿದ್ದೀಯ.

ಸರಿಯಾಗಿ ಕೂತಿತು ಎಂದು ಹೇಗೆ ಬರೆದೆಯೋ! ಆ ಬಾಕ್ಸುಗಳ ಮುಂದೆ ಹಗಲೆಲ್ಲ ನಿಂತು ಕಿವಿ ಮಂದವಾಗಿದೆ. ರಾತ್ರಿ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟುಕೋ. ಟೆಕ್ನೋ ಬಗ್ಗೆ ಬೇರೇನೂ ಹೇಳುವುದಿಲ್ಲ, ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಆದರೆ ದಾಸನಾದರೂ ಶ್ರುತಿಯಲ್ಲಿ ಹಾಡಬೇಕು.

ಅಕ್ಕ


ಶಿಕಾರಿಪುರ
13-12-1998

ರಾಜೇಶ್ವರಮ್ಮನವರಿಗೆ,

ಮೂರು ಸಲ ನೋಡಿದೆ. ಹಾರ್ಮೋನಿಯಂ ಇಟ್ಟು ನೋಡಿದೆ, ಶಾಲೆಯ ಸಂಗೀತದ ಮೇಷ್ಟ್ರನ್ನು ಕರೆಸಿ ಕೇಳಿಸಿದೆ. ಕಪ್ಪು ಎರಡೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮಗೆ ಮಾತಾಡಲು ಇಷ್ಟವಿಲ್ಲದಿದ್ದರೆ ಹಾಗೆಂದೇ ಬರೆಯಿರಿ, ನನ್ನ ಕಿವಿಗೆ ಎಣ್ಣೆ ಬಿಡಬೇಡಿ.

ಮದುಮಗಳ ಕೈ ಹಿಡಿಯಲು ಭಾವನವರ ಕಡೆ ಬೇಕಾದಷ್ಟು ಗಂಡಸರಿದ್ದಾರೆ. ಅವರಲ್ಲೇ ಒಬ್ಬರನ್ನು ನೋಡಿಕೊಳ್ಳಿ.

ಚನ್ನೇಶ್


ಸೊರಬ
17-1-1999

ಚಿ. ಚನ್ನೇಶನಿಗೆ,

ಒಂದು ತಿಂಗಳು ಕಾಗದವಿಲ್ಲ. ಧನುರ್ಮಾಸ, ಅದಕ್ಕೇ ಬರೆಯಲಿಲ್ಲ ಎಂದು ನಿನ್ನ ಭಾವನಿಗೆ ಹೇಳಿದೆ. "ಧನುರ್ಮಾಸ್ದಲ್ಲಿ ಮದ್ವೆ ಮಾಡಲ್ಲ ಮಾರಾಯ್ತಿ, ಕಾಗ್ದ ಬರೀಬೌದು" ಅಂದರು.

ಈ ಕಾಗದವನ್ನು ನಮ್ಮ ಮನೆಯ ನಾಲ್ಕು ಸೆಲ್ಲುಗಳ ಪರವಾಗಿ ಬರೆಯುತ್ತಿದ್ದೇನೆ.

ಸಂಜೆಯಾದರೆ ಇಲ್ಲಿ ಬಲ್ಬು ಕೆಂಪಗೆ ಕೆಂಡದಂತೆ ಕಾಣುತ್ತದೆ. ಆ ಕರೆಂಟಿಗೆ ಹಾಕಿದರೆ ಟೇಪ್‌ರೆಕಾರ್ಡರ್ ಸುಟ್ಟೀತೆಂದು ಸೆಲ್ಲಿನಲ್ಲೇ ಓಡಿಸುತ್ತೇವೆ. ಸೆಲ್ಲು ಸೋತರೆ ಎಸೆಯುತ್ತೇವೆಯೇ? ಸಂಡಿಗೆಯ ಜೊತೆ ಅಂಗಳದ ಬಿಸಿಲಿಗೆ ಇಡುತ್ತೇನೆ. ಬಿಸಿಲುಂಡು ಎರಡು ದಿನ ಓಡುತ್ತವೆ. ನಮ್ಮ ಅತ್ತೆಯವರೂ ಹಾಗೇ ಮಾಡುತ್ತಿದ್ದರು. ಮೊನ್ನೆ ಉಳವಿಯಿಂದ ಸಣ್ಣಬೀರಪ್ಪ ಅಭ್ಯಾಸಕ್ಕೆ ಬಂದಿದ್ದ. ನಾನು ಹಾಡಿದ್ದ ಹಳೇ ಕ್ಯಾಸೆಟ್ಟು ಹಾಕಿದೆ. ಆತ ತಬಲ ಬಿಟ್ಟು ನನ್ನ ಮುಖ ನೋಡಿದ. "ಅಕ್ಕೋರೇ, ಇದ್ರಲ್ಲಿ ಹಾಡ್ತಿರೋ ಗಂಡ್ಸು ಯಾರು?" ಅಂದ.

ಹಾರ್ಮೋನಿಯಂ ತೆಗೆದು ನೋಡಿದರೆ ನನ್ನ ಹಾಡೇ ನನ್ನ ಶ್ರುತಿಗಿಂತ ಅರ್ಧ ಸ್ವರ ಕೆಳಗಿದೆ! ಸೋತ ಸೆಲ್ಲಿಗೆ ಟೇಪು ನಿಧಾನ ತಿರುಗುತ್ತಿದೆ ಎಂದು ನಿನ್ನ ಭಾವ ಅಂಗಡಿಗೆ ಓಡಿ ಹೊಸ ಸೆಲ್ಲು ತಂದರು. ಹಾಕಿದ ಕೂಡಲೇ ನಾನು ಮತ್ತೆ ಹೆಂಗಸಾದೆ. ಆಮೇಲೆ ನಿನ್ನ ಕ್ಯಾಸೆಟ್ಟು ಹಾಕಿದೆ. ಕಪ್ಪು ಎರಡು. ಸಾಸಿವೆಯಷ್ಟೂ ಆಚೆ ಈಚೆ ಇಲ್ಲ.

ತಮ್ಮನ ಕಿವಿ ಅನುಮಾನಿಸಿ ಬಿಸಿಲುಂಡ ಸೆಲ್ಲನ್ನು ನಂಬಿದೆ. ತಪ್ಪಾಯಿತು. ಸಂಡಿಗೆ ಕಳಿಸಿದ್ದೇನೆ, ಅದೇ ಅಂಗಳದ್ದು, ಅವು ಮಾತ್ರ ಚೆನ್ನಾಗಿ ಒಣಗಿವೆ. ಗಂಗಿಯ ಕೈ ಬೇರೆ ಯಾರೂ ಹಿಡಿಯುವುದಿಲ್ಲ. ನೀನು ಬಾರದಿದ್ದರೆ ಅವಳು ಕೋಣೆಯಿಂದ ಎದ್ದು ಬರುವುದಿಲ್ಲವಂತೆ.

ಇನ್ನೊಂದು ಮಾತು. ಕ್ಯಾಸೆಟ್ಟನ್ನು ಮತ್ತೆ ಮತ್ತೆ ಕೇಳಿದೆ. ನಿನ್ನ ಟೆಕ್ನೋ ಉದ್ದಕ್ಕೂ ಒಂದೇ ಸ್ವರ ಹಿಡಿದಿರುತ್ತದಲ್ಲ. ನಮ್ಮ ಶ್ರುತಿಪೆಟ್ಟಿಗೆ ಮಾಡುವುದೂ ಅದನ್ನೇ. ಮೇಲೆ ಕುಟ್ಟುವ ಸದ್ದು ತೆಗೆದರೆ ತಪಸ್ಸಿಗೆ ಕೂತ ಹಾಗಿದೆ. ಇದನ್ನು ಯಾರಿಗೂ ಹೇಳಬೇಡ.

ಇತಿ,
ಸೋತ ಸೆಲ್ಲುಗಳ ಪರವಾಗಿ
ಅಕ್ಕ


ಶಿಕಾರಿಪುರ
22-1-1999

ಅಕ್ಕ,

ಕಾಗದ ಓದುತ್ತಾ ಅಂಗಡಿಯ ಸ್ಟೂಲಿನಿಂದ ಬಿದ್ದೆ. ಆ ಗಂಡಸು ಯಾರೆಂದು ನನಗೂ ಗೊತ್ತಾಗಬೇಕು. ಸಂಡಿಗೆ ಖಾಲಿ.

ನಾನೂ ಉರಿದುಕೊಂಡು ಏನೇನೋ ಬರೆದೆ. ಗಂಗಿಯ ಕೈ ನಾನೇ ಹಿಡಿಯುತ್ತೇನೆ. ಯಾರಾದರೂ ಅಡ್ಡ ಬಂದರೆ ದೊಡ್ಡ ಬಾಕ್ಸನ್ನು ಅವರ ಕಿವಿ ಕಡೆಗೇ ತಿರುಗಿಸುತ್ತೇನೆ.

ಆದರೆ ಹೊಸ ಸಂಕಟ. ಮೊನ್ನೆ ಗಂಗಿ ರವಿಕೆ ಹೊಲಿಸಲು ಬಂದವಳು ಅಂಗಡಿಗೂ ಬಂದಳು. ನಮ್ಮಿಬ್ಬರ ಕೂಡಿಕೆ ಹಾಕಿ ಕೇಳಿಸಿದೆ. ಮೊದಲು ಕಣ್ಣರಳಿಸಿ ಕೇಳಿದಳು. ಆಮೇಲೆ ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟಳು. "ಮಾವ, ಸೇರೋದೇನೋ ಚೆನ್ನಾಗಿ ಸೇರಿದೆ. ಆದ್ರೆ ಟೆಕ್ನೋಗೆ ಜ್ವರ ಬಂದಂಗಿದೆಯಲ್ಲ? ಓಡ್ತಿದ್ದದ್ದು ಹಿಂಗ್ಯಾಕೆ ಕುಂಟ್ತಿದೆ?" ಅಂದಳು. ಅವಳು ಹೇಳಿದ್ದು ನಿಜ. ನಿನ್ನ ಪಂಚಮಕ್ಕೆ ಬರಲೆಂದು ಸ್ಪೀಡ್ ಇಳಿಸಿದ್ದೇನೆ. ಮಾತು ಗೆದ್ದಿತು, ಕುಣಿತ ಸೋತಿತು.

ನೀನು ಅರ್ಧ ಸ್ವರ ಮೇಲೆ ಬಿಳಿ ಆರರಲ್ಲಿ ಹಾಡಿದರೆ ನಿನ್ನ ಪಂಚಮ ಬಿಳಿ ಮೂರಾಗುತ್ತದೆ. ಟೆಕ್ನೋ ತನ್ನ ಸ್ವಂತ ಓಟದಲ್ಲೇ ಓಡಬಹುದು. ಕೇಳುತ್ತಿಲ್ಲ ಅಕ್ಕ. ಕೇಳಬಾರದು ಎಂದೂ ಗೊತ್ತು. ಲೆಕ್ಕ ಹಾಗೆ ಬರುತ್ತದೆ ಎಂದು ಹೇಳಿದೆ ಅಷ್ಟೇ.

ಚನ್ನೇಶ


ಸೊರಬ
30-1-1999

ಚನ್ನೇಶ,

ಕೇಳುತ್ತಿಲ್ಲ ಎನ್ನುತ್ತಲೇ ಕೇಳಿದ್ದೀಯ. ಆಗುವುದಿಲ್ಲ. ಅಪ್ಪ ಆ ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಕೂರಿಸಿದ ದಿನದಿಂದ ನನ್ನದು ಕಪ್ಪು ನಾಲ್ಕು. ಬಿಳಿ ಆರಕ್ಕೆ ಹೋದರೆ ಮೇಲಿನ ಷಡ್ಜದಲ್ಲಿ ದನಿ ಒಡೆಯುತ್ತದೆ. ಮಗಳ ಮದುವೆಯಲ್ಲಿ ಬೀಗರ ಮುಂದೆ ಕಾಗೆಯಂತೆ ಕೂಗಲೇ? ಒಂದು ಸಲ ನಿಮ್ಮ ಊರಲ್ಲಿ ನಗೆಪಾಟಲಾಗಿದ್ದೇನೆ, ಸಾಕು.

ಮಾತು ಕೊಟ್ಟ ಹಾಗೆ ಕಪ್ಪು ಎರಡಕ್ಕೇ ತಾ. ಮದುಮಗಳು ಸೀರೆ ಉಟ್ಟು ಅದಕ್ಕಿಂತ ಜೋರಾಗಿ ಕುಣಿಯಲೂಬಾರದು.

ಅಕ್ಕ


ಶಿಕಾರಿಪುರ
26-2-1999

ಅಕ್ಕ,

ಈಗ ಮಾತಾಡುತ್ತೇವಲ್ಲ, ಕಾಗದವೇಕೆ ಎಂದು ಕೇಳುತ್ತೀಯ. ಮದುವೆ ಮನೆಯಲ್ಲಿ ಕೇಳಲು ಪುರಸೊತ್ತಾಗಲಿಲ್ಲ. ಫೋನಿನಲ್ಲಿ ಕೇಳಿದರೆ ನೀನು ಬೀಗರ ಹೋಳಿಗೆಯ ಸುದ್ದಿ ತೆಗೆಯುತ್ತೀಯ.

ಭಾನುವಾರ ಸಂಜೆ ನಿನ್ನ ಹಾಡಿನ ಕೊನೆಯ ಸಾಲು ಬಂತು. ಗುಂಡಿ ಕೆಳಗಿಳಿಸಿ, ಮಾತು ಕೊಟ್ಟ ಹಾಗೆ ಕಪ್ಪು ಎರಡರಲ್ಲೇ ಟೆಕ್ನೋ ಬಿಟ್ಟೆ. ನಿನ್ನ ಷಡ್ಜದ ಕೆಳಗೆ ಬಂದು ಸೇರಿತು. ಯಾರೂ ನಗಲಿಲ್ಲ. ನೀನು ಕಣ್ಣು ಮುಚ್ಚಿಕೊಂಡೇ ಒಮ್ಮೆ ತಲೆದೂಗಿದೆ. ಗೆದ್ದೆ ಎಂದುಕೊಂಡೆ.

ಆದರೆ ಗಂಗಿ ಕುಣಿಯಲು ಇಳಿದವಳು ನಾಲ್ಕು ಹೆಜ್ಜೆಗೇ ಮಂಕಾದಳು. ಕಾಲು ಮುಂದೆ ಓಡುತ್ತಿತ್ತು, ಹಾಡು ಹಿಂದೆ ಉಳಿಯುತ್ತಿತ್ತು. ಮಲ್ಲಿಕಾರ್ಜುನನ ಗೆಳೆಯರು ಮಜ್ಜಿಗೆ ಎಲ್ಲಿ ಎಂದು ನೋಡುತ್ತಿದ್ದರು. ಆದರೂ ಹುಡುಗಿ ನಗುತ್ತಲೇ ಇದ್ದಳು, ನಿನಗಾಗಿ. ನಾನು ಗುಂಡಿ ಜಾರಿಸಲಿಲ್ಲ, ನಿನಗೆ ಕೊಟ್ಟ ಮಾತಿತ್ತು.

ಆಗ ನೀನು ಕಣ್ಣು ತೆರೆದೆ. ಗಂಗಿಯ ಕಾಲು ನೋಡಿದೆ. ಆಮೇಲೆ ನನ್ನನ್ನು ನೋಡಿದೆ. ನಿನ್ನ ಬೆರಳು ಕಪ್ಪು ನಾಲ್ಕರಿಂದ ಎದ್ದು ಬಿಳಿ ಆರರ ಮೇಲೆ ಕೂತಿತು. ಅಕ್ಕ, ನನ್ನ ಎದೆ ಹೊಡೆದುಕೊಂಡಿದ್ದು ಬಾಕ್ಸಿನಲ್ಲಿ ಕೇಳಿಸಿರಬೇಕು. ಗುಂಡಿ ಮೇಲಕ್ಕೆ ಜಾರಿಸಿದೆ. ಓಟವೂ ಏರಿತು, ಶ್ರುತಿಯೂ ಏರಿತು, ಎರಡೂ ಒಟ್ಟಿಗೆ ನಿನ್ನ ಹತ್ತಿರ ಬಂದು ನಿಂತವು. ಸಣ್ಣಬೀರಪ್ಪನವರು "ಆಹಾ!" ಎಂದು ಕೂಗಿ ತಬಲ ಓಡಿಸಿದರು. ಗಂಗಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬೀಗರ ಕಡೆಯ ಲೋಕಮ್ಮಜ್ಜಿ ಕೋಲು ಗೋಡೆಗೆ ಒರಗಿಸಿ ಎದ್ದುಬಂದರು. ನೀನು ಅದರ ಮೇಲೆ ಹಾಡಲು ಶುರುಮಾಡಿದೆ. ಮೇಲಿನ ಷಡ್ಜದಲ್ಲಿ ದನಿ ಒಡೆಯಿತು, ನೀನು ಹೆದರಿದ ಹಾಗೇ. ನೀನೇ ಮೊದಲು ನಕ್ಕೆ. ಆ ಗದ್ದಲದಲ್ಲಿ ಅದು ಕೇಳಿಸಿದ್ದು ನನಗೊಬ್ಬನಿಗೇ ಇರಬೇಕು.

ನಿನಗೆ ಎರಡೂ ಕೈಯಲ್ಲಿ ನುಡಿಸುವ ಆಸೆಯಾದದ್ದು, ತಿದಿ ಒತ್ತುವವರಿಲ್ಲದೆ ಎಡಗೈ ಕಟ್ಟಿಹೋದದ್ದು ಕಂಡಿತು. ಸೆಟ್ಟು ಅದರ ಪಾಡಿಗೆ ಓಡುತ್ತಿತ್ತು. ಹೆಡ್‌ಫೋನ್ ತೆಗೆದಿಟ್ಟು ಬಂದೆ. ಚಿಕ್ಕವನಿದ್ದಾಗ ಅಪ್ಪ ಕೂರಿಸುತ್ತಿದ್ದ ಜಾಗದಲ್ಲೇ ಪೆಟ್ಟಿಗೆಯ ಹಿಂದೆ ಕೂತು ತಿದಿ ಒತ್ತಿದೆ. ನೀನು ತಿರುಗಿಯೂ ನೋಡದೆ ಅಂದೆ: "ಜೋರಾಗಿ ಹಾಕೋ!"

ವರ್ಷದ ಮೇಲೆ ನನ್ನಕ್ಕ ಆಡಿದ ಮೊದಲ ಮಾತು. ಮಾರನೆಯ ಬೆಳಿಗ್ಗೆ ಗಂಗಿಯ ಕೈ ಹಿಡಿದು ಬರುವಾಗಲೂ ಅದೇ ಕಿವಿಯಲ್ಲಿತ್ತು. ನಡುವೆ ಒಮ್ಮೆ ನಗು ಬಂತು. ಸೋದರಮಾವ ಯಾಕೆ ನಗುತ್ತಾನೆ ಎಂದು ಬೀಗರು ನೋಡಿದರು.

ಕೇಳಬೇಕಾದದ್ದು ಇಷ್ಟೇ. ಕಾಗೆಯಂತೆ ಕೂಗುವುದಿಲ್ಲ ಎಂದು ಬರೆದವಳು ಯಾಕೆ ಏರಿದೆ?

ನಿನ್ನ ತಿದಿಯ ಆಳು
ಚನ್ನೇಶ


ಸೊರಬ
7-3-1999

ಚಿ. ಚನ್ನೇಶನಿಗೆ,

ಯಾಕೆ ಏರಿದೆ ಅಂತೀಯ. ಹುಡುಗಿಯ ಕಾಲು ಕಾಯುತ್ತಿದ್ದುದು ಕಂಡಿತು. ನೀನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಜಾರಿಸದೆ, ನನ್ನ ಮುಖವನ್ನೇ ನೋಡುತ್ತಿದ್ದುದೂ ಕಂಡಿತು. ನೀನು ಅಷ್ಟು ದೂರ ಕೆಳಗಿಳಿದು ಬಂದಿದ್ದೆ. ನಾನು ಒಂದು ಮನೆ ಏರಿದರೆ ಏನು ಹೋಗುತ್ತದೆ ಅನ್ನಿಸಿತು. ಕಪ್ಪು ನಾಲ್ಕು ಬಿಟ್ಟು ಕದಲಬೇಡ ಎಂದು ಅಪ್ಪ ಯಾವತ್ತೂ ಹೇಳಿರಲಿಲ್ಲ. ನಾನೇ ಅಲ್ಲಿ ಬೀಡುಬಿಟ್ಟಿದ್ದೆ.

"ಜೋರಾಗಿ ಹಾಕೋ" ಅಂದದ್ದನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಕರಿಯಣ್ಣ ಬಸ್ಸಿನ ಬಾಗಿಲಲ್ಲೇ ನಿಂತು ನನಗೇ ಆ ಕತೆ ಹೇಳಿದ. ನಾಚಿಕೆಯಾಯಿತು ಕಣೋ. ಮೊದಲ ಮಾತಾಗಿ ಬೇರೆಯದನ್ನೇ ಇಟ್ಟುಕೊಂಡಿದ್ದೆ. ನವೆಂಬರಿನಿಂದ ಇಟ್ಟುಕೊಂಡಿದ್ದೆ. ತಿದಿ ಒತ್ತುವವನ ಕೈ ನೋಡಿದ ಕೂಡಲೇ ಎಲ್ಲ ಮರೆತು, ಚಿಕ್ಕಂದಿನಲ್ಲಿ ನಿನಗೆ ಹೇಳುತ್ತಿದ್ದ ಹಳೇದೇ ಬಾಯಿಗೆ ಬಂತು.

ಆ ಮಾತನ್ನು ಇಲ್ಲಿ ಬರೆಯುತ್ತೇನೆ. ನಿನ್ನ ಹೊಸ ಮನೆಯಲ್ಲಿ ನಾನಿನ್ನೂ ಊಟ ಮಾಡಿಲ್ಲ. ಅವತ್ತು ಎಲೆಯಲ್ಲಿ ಹೋಳಿಗೆ ಬಡಿಸಿದ್ದರು. ಬಸ್ಸಿನಲ್ಲಿ ಶಿರಾಳಕೊಪ್ಪದವರೆಗೂ ಅದೇ ಕಣ್ಣಮುಂದೆ ಇತ್ತು. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನ್ನ ಹೆಂಡತಿಗೆ ಬೇಳೆ ನೆನೆಹಾಕಲು ಹೇಳು. ಪೆಟ್ಟಿಗೆಯನ್ನೂ ತರುತ್ತೇನೆ, ಆದರೆ ಹೊರಲು ನನ್ನಿಂದಾಗದು. ಬಸ್‌ಸ್ಟ್ಯಾಂಡಿಗೆ ಬಂದು ಇಳಿಸಿಕೋ.

ಅಕ್ಕ